ರಾಜ ಬೇಕು ಎಂಬ ಮೂವತ್ತೊಂದು ಚೀಟಿ

ಯಾವ ಕೆಲಸವನ್ನಾದರೂ ಶುರು ಮಾಡುವ ಮೊದಲು ಅದು ಹೇಗೆ ಮುಗಿಯುತ್ತದೆ ಎಂದು ಬರೆದಿಟ್ಟುಕೊಳ್ಳದಿದ್ದರೆ ನನಗೆ ಕೈಕಾಲು ಆಡುವುದಿಲ್ಲ. ಇದು ಗುಣವೋ ಕಾಯಿಲೆಯೋ ಎಂಬ ಚರ್ಚೆ ನಮ್ಮ ಮನೆಯಲ್ಲಿ ಮದುವೆಯಾದ ವರ್ಷದಿಂದ ನಡೆದೇ ಇದೆ. ರಸೆಲ್ ಮಾರುಕಟ್ಟೆಗೆ ಹೋಗುವುದಾದರೂ ನಾನು ಚೀಟಿ ಬರೆಯುತ್ತೇನೆ. ಚೀಟಿ ಎಲ್ಲರೂ ಬರೆಯುತ್ತಾರೆ, ಆದರೆ ನಾನು ಏನೇನು ಕೊಳ್ಳಬೇಕು ಎಂಬುದರ ಜೊತೆಗೆ ಯಾವುದಾದ ಮೇಲೆ ಯಾವುದು ಎಂಬುದನ್ನೂ ಬರೆಯುತ್ತೇನೆ. ಮೊದಲು ಕುಂಬಳಕಾಯಿ, ಆಲೂಗಡ್ಡೆ. ಅವು ಚೀಲದ ತಳಕ್ಕೆ. ಆಮೇಲೆ ಹುರುಳಿಕಾಯಿ, ಬದನೆಕಾಯಿ. ಟೊಮೆಟೊ ಅದರ ಮೇಲೆ. ಸೊಪ್ಪು, ಹೂವು ಕಟ್ಟಕಡೆಗೆ. ಒಮ್ಮೆ ನಮ್ಮ ಯಜಮಾನರು ಮಾರುಕಟ್ಟೆಯ ಬಾಗಿಲಲ್ಲೇ ಸೇವಂತಿಗೆ ಚೆನ್ನಾಗಿದೆ ಎಂದು ಮೊದಲೇ ಕೊಂಡುಬಿಟ್ಟರು. ಆ ದಿನ ಇಡೀ ಮಾರುಕಟ್ಟೆಯನ್ನು ನಾನು ಒಂದು ಕೈಯಲ್ಲಿ ಹೂವಿನ ಪೊಟ್ಟಣ ಎತ್ತಿ ಹಿಡಿದುಕೊಂಡು, ಮೆರವಣಿಗೆಯಲ್ಲಿ ಪೆಟ್ರೊಮ್ಯಾಕ್ಸ್ ಹೊತ್ತವರ ಹಾಗೆ ಸುತ್ತಿದೆ. "ಒಂದು ಮೊಳ ಸೇವಂತಿಗೆಯಿಂದ ನಿನ್ನ ಪ್ಲಾನು ಕೆಟ್ಟೋಗುತ್ತೆ ಅಂದ್ರೆ ತಪ್ಪು ಸೇವಂತಿಗೇದಲ್ಲ ಕಣೇ," ಎಂದರು ಅವರು. ಅವರು ವಿಮೆ ಕಚೇರಿಯಲ್ಲಿ ಕ್ಲೇಮು ವಿಭಾಗದವರು. ಎಲ್ಲವೂ ಕೆಟ್ಟ ಮೇಲೆ ಅವರ ಕೆಲಸ ಶುರುವಾಗುವುದು. ಹಾಗಾಗಿ ಅವರಿಗೆ ಪ್ಲಾನುಗಳ ಬಗ್ಗೆ ಮೊದಲಿನಿಂದಲೂ ಗೌರವ ಕಡಿಮೆ.

ನನ್ನ ಈ ಸ್ವಭಾವಕ್ಕೆ ಸಂಬಳ ಕೊಡುವ ಜಾಗವೊಂದು ಲೋಕದಲ್ಲಿತ್ತು ಎನ್ನುವುದೇ ನನ್ನ ಪುಣ್ಯ. ಹಳೇ ಮದರಾಸು ರಸ್ತೆಯ ಕಡೆಯ ಒಂದು ಸರ್ಕಾರಿ ಕಾರ್ಖಾನೆಯ ಪ್ಲಾನಿಂಗ್ ವಿಭಾಗದಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಬಾರ್ ಚಾರ್ಟ್ ಎಳೆಯುತ್ತಿದ್ದೆ. ಒಂದು ಯಂತ್ರಕ್ಕೆ ಆರ್ಡರು ಬಂತೆಂದರೆ ಅದರ ಎರಕದಿಂದ ಹಿಡಿದು ಕೊನೆಯ ಬಣ್ಣದವರೆಗೆ ಯಾವ ವಾರ ಯಾವ ಕೆಲಸ ಎಂದು ಗ್ರಾಫ್ ಹಾಳೆಯ ಮೇಲೆ ಉದ್ದುದ್ದ ಪಟ್ಟಿ. ಆಗಬೇಕಾದದ್ದಕ್ಕೆ ನೀಲಿ ಪೆನ್ಸಿಲು, ಆದದ್ದಕ್ಕೆ ಕೆಂಪು. ಒಮ್ಮೆ ಎಳೆದ ನೀಲಿ ಗೆರೆಯನ್ನು ಯಾರೂ ಅಳಿಸುವಂತಿರಲಿಲ್ಲ. ಬದಲಾವಣೆ ಬೇಕೇ ಬೇಕೆಂದರೆ ಅದಕ್ಕೊಂದು ಫಾರಂ, ಮೂರು ಸಹಿ. ಮೂರನೆಯ ಸಹಿ ಬರುವ ಹೊತ್ತಿಗೆ ಬದಲಾವಣೆ ಬೇಕೆಂದವರಿಗೇ ಅದು ಮರೆತಿರುತ್ತಿತ್ತು. ಹೀಗಾಗಿ ನಮ್ಮ ಪ್ಲಾನುಗಳು ಎಂದೂ ಬದಲಾಗುತ್ತಿರಲಿಲ್ಲ. ತಡವಾಗುತ್ತಿದ್ದವು, ಅದು ಬೇರೆ ವಿಷಯ.

ಶತಮಾನ ಹೊರಳಿ ನಾಲ್ಕೈದು ವರ್ಷವಾಗಿತ್ತು. ನಮ್ಮ ಕಂಪ್ಯೂಟರ್ ವಿಭಾಗದ ಪ್ರತಿಮಾ ಎಂಬ ಇಂಜಿನಿಯರು ಎಲ್ಲೋ ಒಂದು ವಾರ ತರಬೇತಿ ಮುಗಿಸಿ ಬಂದಳು. ಚುರುಕಾದ ಹೆಣ್ಣುಮಗಳು, ಇಂದಿರಾನಗರದಿಂದ ಸ್ಕೂಟರಿನಲ್ಲಿ ಬಂದು ಹೆಲ್ಮೆಟ್ಟು ತೆಗೆಯುವ ಮೊದಲೇ ಕೆಲಸದ ಮಾತು ಶುರು ಮಾಡುವವಳು. ನಾವು ಮಾಡುತ್ತಿರುವುದಕ್ಕೆ ವಾಟರ್‌ಫಾಲ್ ಎನ್ನುತ್ತಾರೆ, ಇನ್ನು ಮುಂದೆ ಅಜೈಲ್ ಮಾಡಬೇಕು ಎಂದಳು. ನಮ್ಮ ಕೆಲಸಕ್ಕೊಂದು ಹೆಸರಿದೆ ಎಂದು ನನಗೆ ಗೊತ್ತಾದದ್ದೇ ಅದು ಹಳತಾಯಿತು ಎಂದು ತೀರ್ಮಾನವಾದ ದಿನ. ಹೊಸ ಪದ್ಧತಿಯನ್ನು ಅವಳು ನನಗೆ ಎರಡು ಲೋಟ ಚಹಾದಲ್ಲಿ ಅರ್ಥ ಮಾಡಿಸಿದಳು. ಇಡೀ ಕೆಲಸವನ್ನು ಮೊದಲೇ ಗೆರೆ ಎಳೆದು ಕಟ್ಟಿಹಾಕಬಾರದು. ವಾರಕ್ಕೊಂದು ತುಂಡು ಮಾಡಬೇಕು, ಬಳಸುವವರಿಗೆ ತೋರಿಸಬೇಕು, ಅವರು ಏನು ಹೇಳುತ್ತಾರೋ ಕೇಳಿ ತಿದ್ದಬೇಕು, ಮುಂದಿನ ತುಂಡಿಗೆ ಹೋಗಬೇಕು. ಗೋಡೆಯ ಮೇಲೊಂದು ಹಲಗೆ. ಅದರಲ್ಲಿ ಮಾಡಬೇಕಾದದ್ದು, ಮಾಡುತ್ತಿರುವುದು, ಮುಗಿದದ್ದು ಎಂದು ಮೂರು ಸಾಲು. ಪ್ರತಿ ಕೆಲಸಕ್ಕೂ ಒಂದು ಹಳದಿ ಚೀಟಿ. ದಿನಾ ಬೆಳಿಗ್ಗೆ ಎಲ್ಲರೂ ಹಲಗೆಯ ಮುಂದೆ ನಿಂತುಕೊಂಡು ಕಾಲು ಗಂಟೆ ಮಾತಾಡಬೇಕು. ಕೂತರೆ ಮಾತು ಉದ್ದವಾಗುತ್ತದಂತೆ. ನಮ್ಮ ಕಾರ್ಖಾನೆಯಲ್ಲಿ ನಿಂತುಕೊಂಡೇ ಒಂದು ಶಿಫ್ಟು ಮಾತಾಡಬಲ್ಲವರನ್ನು ಆಕೆ ಇನ್ನೂ ನೋಡಿರಲಿಲ್ಲ.

ಹಳೆಯದೋ ಹೊಸದೋ ಎಂಬ ಪ್ರಶ್ನೆ ದೊಡ್ಡ ಸಾಹೇಬರ ಕೋಣೆಯವರೆಗೆ ಹೋಯಿತು. ನಮ್ಮ ಜನರಲ್ ಮ್ಯಾನೇಜರಿಗೆ ನಾವು ಇಟ್ಟಿದ್ದ ಹೆಸರು ಅದು. ಒಳ್ಳೆಯ ಮನುಷ್ಯ, ಯಾರಿಗೂ ಇಲ್ಲ ಎನ್ನಲಾರರು, ಹೂಂ ಎನ್ನಲೂ ಭಯ. ನನ್ನ ಚಾರ್ಟನ್ನೂ ಪ್ರತಿಮಾಳ ಹಲಗೆಯನ್ನೂ ಒಂದೊಂದು ಕಣ್ಣಿನಿಂದ ನೋಡಿದರು. ಎರಡೂ ಚೆನ್ನಾಗಿದೆ ಎಂದರು. "ಆರ್ಡರುಗಳ ಮೇಲೆ ಪ್ರಯೋಗ ಮಾಡೋದು ಬೇಡ. ಏನಾದ್ರೂ ಹೆಚ್ಚುಕಮ್ಮಿ ಆದ್ರೂ ಯಾರಿಗೂ ತೊಂದ್ರೆ ಆಗದೇ ಇರೋ ಕೆಲಸ ಯಾವುದಿದೆ?" ಎಂದು ಕೇಳಿ, ತಾವೇ "ಕನ್ನಡ ಸಂಘದ ನಾಟಕ ಇದೆಯಲ್ಲ," ಎಂದರು.

ಕನ್ನಡ ಸಂಘದ ಕಾರ್ಯದರ್ಶಿ ನಾನು. ಹನ್ನೊಂದು ವರ್ಷದ ಹಿಂದೆ, ಇವರ ಅಕ್ಷರ ಓದಲಿಕ್ಕೆ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಆರಿಸಿದ್ದರು. ಆಮೇಲೆ ಬೇರೆ ಯಾರೂ ಬೇಡ ಎನ್ನಲಿಲ್ಲ, ಬೇಕು ಎಂದೂ ಹೇಳಲಿಲ್ಲ. ನವೆಂಬರ್ ಬಂತೆಂದರೆ ರಾಜ್ಯೋತ್ಸವ. ಬಾವುಟ, ಭಾಷಣ, ರಂಗೋಲಿ ಸ್ಪರ್ಧೆ ಎಲ್ಲ ಮುಗಿದು ತಿಂಗಳ ಕೊನೆಯ ಶನಿವಾರ ಒಂದು ನಾಟಕ. ನಾಟಕ ಬರೆಯುವವಳೂ ನಾನೇ. ಆ ವರ್ಷದ್ದು ಒಬ್ಬ ಚಿಕ್ಕ ಪಾಳೆಯಗಾರನ ಕಥೆ. ಅವನು ಕೋಟೆ ಕಳೆದುಕೊಳ್ಳುತ್ತಾನೆ, ಗಾಯಗೊಂಡು ಬೀಳುತ್ತಾನೆ, ಸಾಯುವ ಮೊದಲು ನಾಲ್ಕು ಪುಟ ಮಾತಾಡುತ್ತಾನೆ. ನಾಲ್ಕು ಪುಟ ಮಾತಾಡುವ ಶಕ್ತಿ ಇದ್ದವನು ಎದ್ದು ವೈದ್ಯರ ಹತ್ತಿರ ಹೋಗಬಹುದಿತ್ತಲ್ಲ ಎಂದು ನಮ್ಮ ಯಜಮಾನರು ಆಗಲೇ ಕೇಳಿದ್ದರು. ಕ್ಲೇಮಿನವರ ಮಾತು ಎಂದು ನಾನು ಬಿಟ್ಟುಬಿಟ್ಟೆ.

ರಾಜನ ಪಾತ್ರವನ್ನು ಗೋವಿಂದರಾಜು ಅವರಿಗೆ ಕೊಟ್ಟಿದ್ದೆ. ಅಸೆಂಬ್ಲಿಯಲ್ಲಿ ಫಿಟ್ಟರು, ರಾಮಮೂರ್ತಿ ನಗರದಿಂದ ಬರುವವರು, ಆ ನವೆಂಬರ್ ಮೂವತ್ತಕ್ಕೆ ನಿವೃತ್ತಿ. ಸಂಘ ಹುಟ್ಟಿದಾಗಿನಿಂದ ಎಲ್ಲ ನಾಟಕದಲ್ಲೂ ಅವರಿದ್ದರು, ಎಲ್ಲದರಲ್ಲೂ ದೂತ. ಈಟಿ ಹಿಡಿದು ಬರುವುದು, ಒಂದು ಸುದ್ದಿ ಹೇಳುವುದು, ಬಗ್ಗಿ ಹಿಂದಕ್ಕೆ ನಡೆಯುವುದು. ರಾಜನ ಪಾತ್ರಕ್ಕೆ ಅಕೌಂಟ್ಸಿನ ಒಬ್ಬ ದಪ್ಪ ಮೀಸೆಯವರು ಕಾಯಂ ಆಗಿದ್ದರು. ಅವರಿಗೆ ಆ ವರ್ಷ ಬೇರೆ ಊರಿಗೆ ವರ್ಗವಾಗಿ ಸಿಂಹಾಸನ ಖಾಲಿಯಾಯಿತು. ಗೋವಿಂದರಾಜು ಹಸ್ತಪ್ರತಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಕಾರ್ಖಾನೆಯ ಬಸ್ಸಿನಲ್ಲಿ ಹಿಂದಿನ ಬಾಗಿಲ ಹತ್ತಿರ ನಿಂತು ಬಾಯಿಪಾಠ ಮಾಡುತ್ತಿದ್ದರಂತೆ. ಬಸ್ಸು ಕೆ.ಆರ್. ಪುರದ ಗದ್ದಲದಲ್ಲಿ ಸಿಕ್ಕಿಕೊಂಡ ದಿನ ಎರಡೆರಡು ಸಲ ಸಾಯಲು ಸಮಯ ಸಿಗುತ್ತಿತ್ತು.

ಅಡುಗೆಯವನೆಂದು ಇನ್ನೊಂದು ಸಣ್ಣ ಪಾತ್ರ. ಯುದ್ಧದ ನಡುವೆ ರಾಜನಿಗೆ ಮಜ್ಜಿಗೆ ತಂದುಕೊಟ್ಟು, "ಕುಡಿಯಿರಿ ಪ್ರಭು," ಎಂದು ಹೋಗುತ್ತಾನೆ. ಅದನ್ನು ನಮ್ಮ ಕ್ಯಾಂಟೀನಿನ ಅಡುಗೆಯ ಖಾದರ್ ಅವರೇ ಮಾಡಲಿ ಎಂದುಕೊಂಡೆವು. ಶಿವಾಜಿನಗರದವರು, ಮನೆಯಲ್ಲಿ ದಖ್ಖನಿ ಉರ್ದು, ಕ್ಯಾಂಟೀನಿನಲ್ಲಿ ಕನ್ನಡ, ತರಕಾರಿಯವರೊಡನೆ ತಮಿಳು. ಲೋಟ ಹಿಡಿಯುವುದು ಅವರಿಗೆ ಕಲಿಸಬೇಕಾಗಿರಲಿಲ್ಲ.

ಪ್ರತಿಮಾಳ ಪದ್ಧತಿಯ ಪ್ರಕಾರ ಅಕ್ಟೋಬರಿನ ಮೊದಲ ಶನಿವಾರದಿಂದ ಊಟದ ಬಿಡುವಿನಲ್ಲಿ ಕ್ಯಾಂಟೀನಿನಲ್ಲೇ, ಕೈತೊಳೆಯುವ ನಲ್ಲಿಗಳ ಪಕ್ಕದ ಜಗಲಿಯ ಮೇಲೆ, ವಾರಕ್ಕೊಂದು ದೃಶ್ಯ ಆಡಿ ತೋರಿಸಿದೆವು. ಊಟ ಮಾಡುವವರ ತಟ್ಟೆಯ ಪಕ್ಕ ಒಂದೊಂದು ಚೀಟಿ. ಅನಿಸಿದ್ದನ್ನು ಬರೆದು ಡಬ್ಬಿಗೆ ಹಾಕಬೇಕು. ಸೋಮವಾರ ಬೆಳಿಗ್ಗೆ ಹಲಗೆಯ ಮುಂದೆ ನಿಂತು ಅವನ್ನು ಓದುವುದು. ಮೊದಲ ವಾರದ ಚೀಟಿಗಳು ನನಗೆ ಇನ್ನೂ ನೆನಪಿವೆ. "ರಾಜ ಒಳ್ಳೇವ್ರು, ಆದ್ರೆ ಮಾತು ಜಾಸ್ತಿ." "ಮಜ್ಜಿಗೆ ತಂದೋನ್ನ ಇನ್ನೊಂದ್ ಸಲ ಕಳ್ಸಿ." ಒಂದು ಪೂರ್ತಿ ತಮಿಳಿನಲ್ಲಿ, ಮರ್ಫಿ ಟೌನಿನ ಒಬ್ಬರಿಂದ ಓದಿಸಿದರೆ ಅದೂ ಮಜ್ಜಿಗೆಯವನ ಹೊಗಳಿಕೆಯೇ. "ಸಾಂಬಾರಿಗೆ ಉಪ್ಪಿಲ್ಲ" ಎಂದು ಆರು ಜನ. ಈ ಆರನ್ನು ಪ್ರತಿಮಾ ನಮ್ಮ ವ್ಯಾಪ್ತಿಗೆ ಬರದ್ದು ಎಂದು ಬೇರೆ ಕಟ್ಟಿಟ್ಟಳು. ಆ ಹುಡುಗಿಗೆ ಯಾವ ಚೀಟಿಯನ್ನೂ ಬಿಸಾಡುವ ಮನಸ್ಸಿರಲಿಲ್ಲ, ಅದನ್ನು ಒಪ್ಪಬೇಕು.

ನೋಡುವವರು ಹೇಳಿದಂತೆ ತಿದ್ದುತ್ತಾ ಹೋದೆ. ನಾಲ್ಕು ಪುಟದ ಮಾತು ಎರಡಾಯಿತು. ಅಡುಗೆಯವನಿಗೆ ಒಂದು ಹಾಡು ಬಂತು. ಮೂರನೆಯ ವಾರ ಅವನು ಸೌಟು ಹಿಡಿದುಕೊಂಡೇ ಯುದ್ಧದ ಬಗ್ಗೆ ರಾಜನಿಗೆ ಬುದ್ಧಿ ಹೇಳಿದ. ನಾಲ್ಕನೆಯ ವಾರ ಕೋಟೆಯ ಗೋಡೆಯಿಂದ ಬಿಸಿ ಗಂಜಿ ಸುರಿದು ಶತ್ರುಗಳನ್ನು ಓಡಿಸಿದ. ಕ್ಯಾಂಟೀನಿನಲ್ಲಿ ಆ ದಿನ ಹೊಡೆದ ಚಪ್ಪಾಳೆಗೆ ಸ್ಟೀಲಿನ ಲೋಟಗಳು ಅದುರಿದವು. ಕೋಟೆ ಉಳಿದ ಮೇಲೆ ರಾಜ ಸಾಯುವುದಕ್ಕೆ ಕಾರಣವೇ ಇರಲಿಲ್ಲ. ಬದುಕಿ ಮಾಡುವ ಕೆಲಸವೂ ಇರಲಿಲ್ಲ. ರಾಜನ ಮಾತು ಕತ್ತರಿಸಿದವಳು ಪ್ರತಿಮಾ ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಹನ್ನೊಂದು ವರ್ಷ ನನ್ನ ನಾಟಕಗಳಿಗೆ ಜನ ನಕ್ಕದ್ದು ಮೈಕು ಕೈಕೊಟ್ಟಾಗ ಮಾತ್ರ. ಈಗ ನಾನು ಬರೆದ ಮಾತಿಗೆ ಇನ್ನೂರು ಜನ ತಟ್ಟೆ ಬಿಟ್ಟು ನಗುತ್ತಿದ್ದರು. ಹಲಸೂರಿನ ನಮ್ಮ ಮನೆಯಲ್ಲಿ ಹುಳಿಗೆ ಒಗ್ಗರಣೆ ಹಾಕುತ್ತಾ ಖಾದರ್ ಅವರಿಗೆ ಇನ್ನೇನು ಹೇಳಿಸಬಹುದು ಎಂದು ಒಬ್ಬಳೇ ನಗುತ್ತಿದ್ದೆ. ಗೋವಿಂದರಾಜು ಪ್ರತಿ ಸೋಮವಾರ ಹೊಸ ಹಾಳೆ ತೆಗೆದುಕೊಂಡು, "ಸರಿ ಮೇಡಮ್ಮೋರೆ," ಎಂದು ಹೋಗುತ್ತಿದ್ದರು. ಹಾಳೆ ತೆಳ್ಳಗಾಗುತ್ತಿದ್ದುದನ್ನು ನಾನು ನೋಡಿದೆ, ನೋಡಲಿಲ್ಲ ಎಂದರೆ ನಂಬಬೇಡಿ.

ನವೆಂಬರಿನ ಮೂರನೆಯ ವಾರ ಪ್ರತಿಮಾ ಹಲಗೆಯ ಮೇಲೆ ನಾಲ್ಕನೆಯ ಸಾಲೊಂದನ್ನು ಎಳೆದಳು: ಬೇಡವಾದದ್ದು. ರಾಜ ರಂಗದ ಮೇಲೆ ಬರುವುದೇ ಬೇಡ, ಅವನದೊಂದು ಪಟಕ್ಕೆ ಹಾರ ಹಾಕಿ ಗೋಡೆಗೆ ತೂಗುಹಾಕೋಣ, ಅಡುಗೆಯವನು ಅದರ ಜೊತೆ ಮಾತಾಡಲಿ ಎಂದು ಚೀಟಿಗಳ ಒಟ್ಟು ಅಭಿಪ್ರಾಯ ಬಂದಿತ್ತು. "ರಾಜ: ಗೋವಿಂದರಾಜು" ಎಂದು ನನ್ನದೇ ಅಕ್ಷರದಲ್ಲಿದ್ದ ಹಳದಿ ಚೀಟಿ ನಾಲ್ಕನೆಯ ಸಾಲಿಗೆ ಹೋಯಿತು. ಅವರಿಗೆ ತಿಳಿಸುವ ಕೆಲಸ ಕಾರ್ಯದರ್ಶಿಯದು. ನಾನು ಆ ಸೋಮವಾರ ಬಹಳ ಚಾರ್ಟುಗಳನ್ನು ಎಳೆದೆ.

ಮಂಗಳವಾರ ಚಹಾದ ಹೊತ್ತಿಗೆ ಅವರೇ ಬಂದರು. ಕೈಯಲ್ಲಿನ ಎಣ್ಣೆಯನ್ನು ಹತ್ತಿಯ ನೂಲಿನಿಂದ ಒರೆಸಿಕೊಳ್ಳುತ್ತಾ ನನ್ನ ಮೇಜಿನ ಪಕ್ಕ ನಿಂತರು. ಕೂರಿ ಎಂದರೆ ಕೂರಲಿಲ್ಲ.

"ಮೇಡಮ್ಮೋರೆ, ನನ್ ಚೀಟಿ ಆ ಕಡೆ ಯಾಕ್ ಹೋಯ್ತು?"

"ಅದು ಪದ್ಧತಿ ಗೋವಿಂದರಾಜು. ನೋಡೋರು ಏನು ಕೇಳ್ತಾರೋ ಹಾಗೆ..."

"ಕೇಳ್ಲಿ ಬಿಡಿ. ಖಾದರಣ್ಣ ಚೆನ್ನಾಗ್ ಮಾಡ್ತಾನೆ. ನಾನೂ ನಗ್ತೀನಿ." ಸ್ವಲ್ಪ ಹೊತ್ತು ನೂಲನ್ನು ಮಡಿಸಿದರು, ಬಿಚ್ಚಿದರು. "ಒಂದೇ ವಿಷ್ಯ ಏನಂದ್ರೆ, ಹೊಸಕೋಟೆಯಿಂದ ಬೀಗರು ಬರ್ತಾವ್ರೆ."

ಅವರ ಮಗಳ ಮದುವೆ ಆ ಬೇಸಿಗೆಯಲ್ಲಾಗಿತ್ತು. ಬೀಗರ ಮನೆಯವರು ಸ್ವಲ್ಪ ಜೋರು, ಮಾತಿಗೊಮ್ಮೆ ತಮ್ಮ ಜಮೀನು, ತಮ್ಮ ಟ್ರಾಕ್ಟರು. ಹುಡುಗಿಯ ಅಪ್ಪ ಕಾರ್ಖಾನೆಯಲ್ಲಿ ಏನು ಮಾಡುತ್ತಾರೆ ಎಂದು ಅವರು ಒಮ್ಮೆಯೂ ಕೇಳಿರಲಿಲ್ಲವಂತೆ.

"ಇಷ್ಟ್ ವರ್ಷ ನಾನು ಮನೆಯವ್ರನ್ನೇ ಕರ್ಕೊಂಡ್ ಬಂದೋನಲ್ಲ. ಅವ್ರು ಕುರ್ಚಿ ಹುಡುಕಿ ಕೂರೋದ್ರೊಳಗೆ ನನ್ ಪಾರ್ಟು ಮುಗ್ದೋಗಿರ್ತಿತ್ತು. ಈ ಸಲ ರಾಜ ಅಂದ್ರಲ್ಲ ನೀವು, ಅದ್ಕೇ ಎಲ್ರಿಗೂ ಹೇಳ್ಬಿಟ್ಟೆ. ಬೀಗಿತ್ತಿ ಹೊಸ ಸೀರೆ ತಗೊಂಡವ್ರಂತೆ." ಆಮೇಲೆ, ನನ್ನ ಮುಖ ನೋಡಿ, ಅವರೇ ನನಗೆ ಸಮಾಧಾನ ಹೇಳುವವರ ಹಾಗೆ, "ಪಟದಲ್ಲಾದ್ರೂ ನಂದೇ ಫೋಟೋ ಹಾಕ್ತೀರಲ್ವಾ?" ಎಂದರು.

ನಾನು ಆ ಮಧ್ಯಾಹ್ನ ಪ್ರತಿಮಾಳ ಹತ್ತಿರ ಹೋದೆ. ಅವಳು ಕಲ್ಲುಮನಸ್ಸಿನವಳಲ್ಲ, ಕೇಳಿ ಅವಳ ಮುಖವೂ ಸಣ್ಣಗಾಯಿತು. "ಆದ್ರೆ ಮೇಡಂ, ನಾನೂ ನೀವೂ ಹೇಳಿ ಸೇರಿಸೋ ಹಾಗಿಲ್ಲ. ಹಾಗೆ ಮಾಡಿದ್ರೆ ಇದು ಪ್ರಯೋಗವೇ ಅಲ್ಲ. ನೋಡೋರು ಹೇಳ್ಬೇಕು. ಶನಿವಾರ ಕೊನೇ ಸಲ ತೋರಿಸ್ತೀವಲ್ಲ, ಅದ್ರಲ್ಲಿ ಕೇಳಿದ್ರೆ ಖಂಡಿತ ತರೋಣ." ಮೇಜಿಗೆ ಮರಳಿ ಬಂದಾಗ ನನಗೆ ನನ್ನ ಹಳೆಯ ಫಾರಮ್ಮು ನೆನಪಾಯಿತು. ಅದು ಎಷ್ಟೋ ಒಳ್ಳೆಯ ಬದಲಾವಣೆಗಳನ್ನು ತಡೆದಿರಬೇಕು. ಆದರೆ ಅಕ್ಟೋಬರಿನಲ್ಲಿ ನೀಲಿ ಗೆರೆಯಲ್ಲಿ ರಾಜನಾದವನನ್ನು ನವೆಂಬರಿನಲ್ಲಿ ಗೋಡೆಗೆ ತೂಗುಹಾಕಲು ಅದರಲ್ಲಿ ಜಾಗವೇ ಇರಲಿಲ್ಲ.

ಗುರುವಾರ ಸಂಜೆ ಕಾಫಿಯಾದ ಮೇಲೆ ನಾನು ಊಟದ ಮೇಜಿನ ಮೇಲೆ ಖಾಲಿ ಚೀಟಿಗಳ ಕಟ್ಟು ಇಟ್ಟುಕೊಂಡು ಕೂತೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ದಾಖಲೆಯನ್ನೂ ತಿದ್ದಿದವಳಲ್ಲ. ಕೆಂಪು ಗೆರೆ ಮೂರು ದಿನ ತಡವಾಗಿದ್ದರೆ ಮೂರು ದಿನ ತಡವೆಂದೇ ಎಳೆದವಳು, ಅದಕ್ಕಾಗಿ ಫೋರ್‌ಮನ್ನುಗಳಿಂದ ಬೈಸಿಕೊಂಡವಳು. "ರಾಜ ಬೇಕು" ಎಂದು ಮೊದಲನೆಯದನ್ನು ಬರೆದೆ. "ರಾಜನ ಮಾತು ಪೂರ್ತಿ ಇರಲಿ" ಎಂದು ಎರಡನೆಯದು. ನಾಲ್ಕನೆಯದನ್ನು ಬರೆಯುವಾಗ ನಮ್ಮ ಯಜಮಾನರು ಪತ್ರಿಕೆ ಮಡಿಸಿ ಬಂದು ಹಿಂದೆ ನಿಂತರು.

"ಏನೇ ಇದು?"

ಹೇಳಿದೆ. ಬೈಯುತ್ತಾರೆಂದುಕೊಂಡೆ. ಅವರು ಕನ್ನಡಕ ಹಾಕಿಕೊಂಡು ನಾಲ್ಕನ್ನೂ ದೀಪಕ್ಕೆ ಹಿಡಿದು ನೋಡಿದರು.

"ಹೀಗೆ ಬರೆದ್ರೆ ಮೊದಲ್ನೇ ಮೇಜಲ್ಲೇ ಸಿಕ್ಕಿಬೀಳ್ತೀಯ. ನಾಲ್ಕೂ ಒಂದೇ ಪೆನ್ನು. ಎಲ್ಲದ್ರಲ್ಲೂ ಎಡಗಡೆ ಒಂದಿಂಚು ಜಾಗ ಬಿಟ್ಟಿದ್ದೀಯ. ಕ್ಯಾಂಟೀನಲ್ಲಿ ಊಟ ಮಾಡೋರು ಯಾರಾದ್ರೂ ಮಾರ್ಜಿನ್ ಬಿಡ್ತಾರಾ?"

ಅಂದಿನಿಂದ ನಾನು ಕ್ಲೇಮು ವಿಭಾಗದ ಬಗ್ಗೆ ಹಗುರವಾಗಿ ಮಾತಾಡುವುದಿಲ್ಲ. ಮನುಷ್ಯರು ಎಷ್ಟು ಬಗೆಯಲ್ಲಿ ಸುಳ್ಳು ಬರೆಯುತ್ತಾರೆ ಎಂಬುದರ ಇಡೀ ಜ್ಞಾನಭಂಡಾರ ಆ ಶಾಂತ ಮುಖದ ಹಿಂದೆ ಇತ್ತು. ಎಡಗೈಯಲ್ಲಿ ಬರೆಸಿದರು. ಹಾಳೆಯನ್ನು ತೊಡೆಯ ಮೇಲಿಟ್ಟು ಬರೆಸಿದರು. ಎರಡನ್ನು ಪೆನ್ಸಿಲಿನಲ್ಲಿ, ಒಂದನ್ನು ಅರ್ಧಕ್ಕೇ ನಿಲ್ಲಿಸಲು ಹೇಳಿದರು. "ಎಲ್ರೂ ಹೊಗಳಿದ್ರೆ ಅನುಮಾನ ಬರುತ್ತೆ," ಎಂದು ಒಂದರಲ್ಲಿ "ರಾಜ ಇರಲಿ, ಆದರೆ ಮೀಸೆ ಸರಿಯಿಲ್ಲ" ಎಂದು ತಾವೇ ಬರೆದುಕೊಟ್ಟರು. ಮೂವತ್ತೊಂದಾದವು. ಮೂವತ್ತು ಎಂದರೆ ಎಣಿಸಿ ಬರೆದ ಹಾಗೆ ಕಾಣುತ್ತದೆ ಎಂದು ಒಂದು ಹೆಚ್ಚು. ಆ ದಿನ ರಾತ್ರಿ ಊಟಕ್ಕೆ ಉಪ್ಪಿಟ್ಟೇ ಆಯಿತು, ಅವರು ಗೊಣಗದೆ ತಿಂದರು.

ಶನಿವಾರ ಕ್ಯಾಂಟೀನಿನಲ್ಲಿ ಕೊನೆಯ ಸಲ ಆಡಿ ತೋರಿಸಿದ ಮೇಲೆ ಡಬ್ಬಿ ನನ್ನ ಕೈಯಲ್ಲೇ ಇತ್ತು, ಮೂವತ್ತೊಂದೂ ಅದರೊಳಗೆ ಸೇರಿದವು. ಸೋಮವಾರ ಬೆಳಿಗ್ಗೆ ಹಲಗೆಯ ಮುಂದೆ ನಾನು, ಪ್ರತಿಮಾ ಇಬ್ಬರೇ ಸ್ವಲ್ಪ ಬೇಗ ಬಂದಿದ್ದೆವು. ಅವಳು ಚೀಟಿಗಳನ್ನು ಒಂದೊಂದಾಗಿ ಓದುತ್ತಾ ಎರಡು ಗುಡ್ಡೆ ಮಾಡಿದಳು. ಎಡಗಡೆಯದು ಅಡುಗೆಯವನಿಗೆ ಹೊಗಳಿಕೆ, ಬಲಗಡೆಯದು ರಾಜ ಬೇಕು. ಓದುತ್ತಾ ಓದುತ್ತಾ ನಿಧಾನವಾದಳು. ಬಲಗಡೆಯ ಗುಡ್ಡೆಯನ್ನು ಎತ್ತಿ ಇಸ್ಪೀಟಿನ ಹಾಗೆ ಬಿಡಿಸಿ ಹಿಡಿದಳು.

"ಮೇಡಂ, ಇದ್ರಲ್ಲಿ ಒಂದಕ್ಕೂ ಸಾಂಬಾರ್ ತಾಗಿಲ್ಲ."

ಎಡಗಡೆಯ ಗುಡ್ಡೆ ನೋಡಿದೆ. ಅರಿಶಿನದ ಹೆಬ್ಬೆಟ್ಟು ಇಲ್ಲದ ಚೀಟಿ ಒಂದೂ ಇರಲಿಲ್ಲ. ಒಂದಕ್ಕಂತೂ ಕರಿಬೇವಿನ ಎಲೆಯೇ ಅಂಟಿಕೊಂಡಿತ್ತು. ಕೈಬರಹ, ಶಾಯಿ, ಮಾರ್ಜಿನ್ನು ಎಲ್ಲ ಯೋಚಿಸಿದ್ದೆವು. ದಿನಾ ಹುಳಿ ಕುದಿಯುವ ಅಡುಗೆಮನೆಯಿಂದ ಆರಡಿ ದೂರ ಕೂತು ಬರೆದದ್ದು ಬೇರೆ.

"ಕೈ ತೊಳ್ಕೊಂಡು ಬರ್ದಿರ್ಬೇಕು," ಎಂದೆ.

"ಮೂವತ್ತೊಂದು ಜನಾನೂ?"

"ಕನ್ನಡ ಸಂಘ ಅಲ್ವಾ ಪ್ರತಿಮಾ. ಸ್ವಲ್ಪ ಶಿಸ್ತಿರುತ್ತೆ."

ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ನಾನು ಕಿಟಕಿಯ ಹೊರಗೆ ಸೈಕಲ್ ಸ್ಟ್ಯಾಂಡನ್ನು ನೋಡಿದೆ. ಆಮೇಲೆ ಅವಳು ಹಲಗೆಯ ಹತ್ತಿರ ಹೋಗಿ ನಾಲ್ಕನೆಯ ಸಾಲಿನಿಂದ ಗೋವಿಂದರಾಜು ಅವರ ಚೀಟಿ ಕಿತ್ತು, ಅಂಟು ಹೋಗಿದ್ದರಿಂದ ಹಿಂದೆ ಹೊಸ ಟೇಪು ಹಚ್ಚಿ, ಮೊದಲನೆಯ ಸಾಲಿಗೆ ಒತ್ತಿದಳು. "ಬಳಸೋರ ಅಗತ್ಯ ಕೊನೇ ವಾರದಲ್ಲಿ ಬದಲಾಯ್ತು ಅಂತ ಬರ್ಕೋತೀನಿ," ಎಂದಳು.

ಖಾದರ್ ಅವರಿಗೆ ಹೇಳಲು ಹೋದರೆ ಅವರಿಗೇ ನಿರಾಳವಾದ ಹಾಗೆ ಕಂಡಿತು. "ಒಳ್ಳೇದಾಯ್ತು ಮೇಡಂ. ನಾನು ಅಡುಗೆ ಮಾಡೋಕೆ ಬಂದೋನು, ರಾಜ್ಯ ಆಳೋಕಾ? ಗೋವಿಂದಣ್ಣನ ಮುಖ ನೋಡೋಕಾಗ್ತಿರ್ಲಿಲ್ಲ ನಂಗೆ." ನಾಲ್ಕು ಪುಟವನ್ನು ಮತ್ತೆ ಕೊಡಲು ಹೋದಾಗ ಗೋವಿಂದರಾಜು ಹಾಳೆ ತೆಗೆದುಕೊಳ್ಳಲಿಲ್ಲ. ಮರೆತಿದ್ದರೆ ತಾನೇ ಬೇಕಾಗುವುದು ಎಂದರು.

ನಾಟಕದ ದಿನ ಬೀಗರು ಮುಂದಿನ ಸಾಲಿನಲ್ಲೇ ಕೂತಿದ್ದರು. ಆ ಕುರ್ಚಿಗಳಿಗೆ ನಾನೇ ಬೆಳಿಗ್ಗೆ ಕರವಸ್ತ್ರ ಕಟ್ಟಿ ಕಾದಿರಿಸಿದ್ದೆ. ಗಂಜಿ ಸುರಿದು ಕೋಟೆ ಉಳಿಯಿತು. ಆದರೂ ಕೊನೆಯ ಬಾಣವೊಂದು ರಾಜನಿಗೆ ತಾಗಿತು ಎಂದು ನಾನು ಎರಡು ದಿನದಲ್ಲಿ ಹೊಲಿಗೆ ಹಾಕಿದ್ದೆ. ರಾಜ ಬಿದ್ದ. ಮೊದಲ ಪುಟ ಸಭೆ ಸುಮ್ಮನೆ ಕೇಳಿತು. ಅವರ ದನಿ ಅಷ್ಟು ಗಂಭೀರ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ, ದೂತನ ಒಂದು ವಾಕ್ಯದಲ್ಲೋ ಕ್ಯಾಂಟೀನಿನ ತಟ್ಟೆಗಳ ಸದ್ದಿನಲ್ಲೋ ಗೊತ್ತಾಗುವುದಾದರೂ ಹೇಗೆ. ಎರಡನೆಯ ಪುಟದ ನಡುವೆ ಕುರ್ಚಿಗಳು ಕಿರುಗುಟ್ಟಿದವು. ಯಾರೋ ಕೆಮ್ಮಿದರು, ಅದನ್ನು ಕೇಳಿ ಇನ್ನಿಬ್ಬರಿಗೆ ಕೆಮ್ಮು ಬಂತು. ಹೊಸ ಸೀರೆಯ ಬೀಗಿತ್ತಿ ಆಕಳಿಸಿದರು. ಪರದೆಯ ಪಕ್ಕದಲ್ಲಿ ಹಸ್ತಪ್ರತಿ ಹಿಡಿದು ನಿಂತ ನಾನು ಉಳಿದ ಪುಟಗಳನ್ನು ಎಣಿಸಿದೆ. ಕ್ಯಾಂಟೀನಿನಲ್ಲಿ ಉಂಡವರು ಬರೆದದ್ದು ಸುಳ್ಳಲ್ಲ ಎನ್ನುವುದು, ಮೂವತ್ತೊಂದು ಸುಳ್ಳು ಬರೆದ ನನಗೆ ಆಗ ತಿಳಿಯಿತು.

ಗೋವಿಂದರಾಜು ಅವರಿಗೆ ನನಗಿಂತ ಮೊದಲೇ ತಿಳಿದಿತ್ತು. ಒಂದು ವಾಕ್ಯದ ಮಧ್ಯದಲ್ಲಿ ನಿಲ್ಲಿಸಿದರು. ಮರೆತರೆಂದು ನಾನು ಪಿಸುಗುಟ್ಟಿ ಎತ್ತಿಕೊಟ್ಟೆ. ಅವರು ಕಣ್ಣಿನಲ್ಲೇ ಬೇಡ ಎಂದರು. ಮಜ್ಜಿಗೆಯ ಲೋಟ ಹಿಡಿದು ಪಕ್ಕದಲ್ಲಿ ಕೂತಿದ್ದ ಖಾದರ್ ಅವರ ಕಡೆ ತಿರುಗಿ ಒಂದು ಗುಟುಕು ಕುಡಿದರು. ಲೋಟ ವಾಪಸು ಕೊಟ್ಟು, ನಾನು ಎಲ್ಲೂ ಬರೆಯದ ಮಾತೊಂದನ್ನು ಕೇಳಿದರು: "ನಿನ್ನ ಊಟ ಆಯ್ತೇನಪ್ಪ?"

ಇಡೀ ಕಾರ್ಖಾನೆಗೆ ಬಡಿಸುವ ಮನುಷ್ಯ ಖಾದರ್. ಅವರನ್ನು ಈ ಪ್ರಶ್ನೆ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. ತಬ್ಬಿಬ್ಬಾಗಿ, ನಾಟಕವೆಂಬುದು ಮರೆತು, "ಇನ್ನೂ ಇಲ್ಲಣ್ಣ," ಎಂದುಬಿಟ್ಟರು. "ಹೋಗಿ ಮಾಡು," ಎಂದು ರಾಜ ತಲೆ ವಾಲಿಸಿ ಸತ್ತ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಬೀಗರೂ ಎದ್ದರು. ಬೀಗಿತ್ತಿ ಸೆರಗಿನಿಂದ ಕಣ್ಣೋ ಮೂಗೋ ಒರೆಸಿಕೊಂಡರು.

"ಎರಡನೇದ್ರಲ್ಲೇ ಗೊತ್ತಾಯ್ತು ಮೇಡಮ್ಮೋರೆ, ಜಾಸ್ತಿ ಆಯ್ತು ಅಂತ. ಅದ್ಕೇ ಬೇಗ ಸತ್ತೆ," ಎಂದರು ಅವರು ಆಮೇಲೆ. ಬಣ್ಣ ಅಳಿಸಲು ಎಣ್ಣೆ ಕೊಟ್ಟರೆ ಬೇಡವೆಂದರು. ಬೀಗರ ಜೊತೆ, ಮೀಸೆ ಕಿರೀಟದ ಸಮೇತ, ಕಾರ್ಖಾನೆಯ ಬಸ್ಸು ಹತ್ತಿದರು. ಆ ದಿನ ಅವರಿಗೆ ಹಿಂದಿನ ಬಾಗಿಲ ಹತ್ತಿರ ನಿಲ್ಲಲು ಯಾರೂ ಬಿಡಲಿಲ್ಲ. ಕಿಟಕಿಯ ಪಕ್ಕ ಕೂತ ರಾಜ ಬೈಯಪ್ಪನಹಳ್ಳಿ ದಾಟುವವರೆಗೂ ಬೀಗರಿಗೆ ಯಂತ್ರ ಜೋಡಿಸುವುದು ಹೇಗೆಂದು ವಿವರಿಸುತ್ತಿದ್ದರಂತೆ, ಬೀಗರು ಬಾಯಿ ಬಿಡದೆ ಕೇಳುತ್ತಿದ್ದರಂತೆ.

ನನ್ನ ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಡಿಸೆಂಬರಿನಲ್ಲಿ ದೊಡ್ಡ ಸಾಹೇಬರು ನಮ್ಮಿಬ್ಬರನ್ನು ಕರೆದರು. ಪ್ರಯೋಗದ ಫೈಲು ಅವರ ಮುಂದಿತ್ತು. ಜೀವನದಲ್ಲಿ ಮೊದಲ ಸಲ ಒಂದು ನಿರ್ಧಾರ ಮಾಡಿದವರ ತೇಜಸ್ಸು ಮುಖದಲ್ಲಿ.

"ನೋಡಿ ವಿಶಾಲಾಕ್ಷಿಯವರೇ, ನಾಟಕಕ್ಕೆ ಒಂದು ವಾರ ಇದ್ದಾಗ ಮೂವತ್ತೊಂದು ಜನ ರಾಜ ಬೇಕು ಅಂದ್ರು. ನೀವು ತಕ್ಷಣ ಬದಲಾಯಿಸಿದ್ರಿ. ಅದೇ ಭಾಗ ಎಲ್ಲರಿಗೂ ಇಷ್ಟ ಆಯ್ತು. ಹಳೇ ಪದ್ಧತೀಲಿ ಇದು ಆಗ್ತಿತ್ತಾ, ನೀವೇ ಹೇಳಿ."

ಹಳೆಯ ಪದ್ಧತಿಯಲ್ಲಿ ರಾಜ ಹೋಗುತ್ತಲೇ ಇರಲಿಲ್ಲ ಸಾರ್ ಎಂದು ನನ್ನ ನಾಲಿಗೆಯ ತುದಿಗೆ ಬಂತು. ಅದರ ಹಿಂದೆಯೇ ಆ ಮೂವತ್ತೊಂದು ಚೀಟಿಗಳ ವಿಷಯ ಬರಬೇಕಾಗುತ್ತಿತ್ತು. ಪಕ್ಕದಲ್ಲಿ ಪ್ರತಿಮಾ ತನ್ನ ಚಹಾದ ಕೆನೆಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

"ಆಗ್ತಿರ್ಲಿಲ್ಲ ಸಾರ್," ಎಂದೆ.

ಹೊಸ ವರ್ಷದಿಂದ ಪ್ಲಾನಿಂಗ್ ವಿಭಾಗ ಹೊಸ ಪದ್ಧತಿಗೆ ಬಂತು. ನನ್ನ ಗ್ರಾಫ್ ಹಾಳೆಗಳನ್ನು ಉಗ್ರಾಣಕ್ಕೆ ಕಳಿಸಿದರು. ಬೆಳಿಗ್ಗೆ ಕಾಲು ಗಂಟೆ ಹಲಗೆಯ ಮುಂದೆ ನಿಲ್ಲುತ್ತೇನೆ, ಮೊಣಕಾಲಿಗೆ ಅದು ಮುಕ್ಕಾಲು ಗಂಟೆ. ನಮ್ಮ ಯಜಮಾನರು, ಸುಳ್ಳು ಕ್ಲೇಮು ಮಂಜೂರಾದಾಗ ಆಗುವ ಕಷ್ಟ ತಮ್ಮ ಕಚೇರಿಯ ಹೊರಗೆ ಇದೇ ಮೊದಲ ಸಲ ನೋಡುತ್ತಿರುವುದು ಎಂದರು. ಇಷ್ಟಕ್ಕೇ ಬಿಡಲಿಲ್ಲ. ಪ್ರಯೋಗ ನಡೆಸಿದ ಅನುಭವಿಯೆಂದು ನನ್ನನ್ನು ಬೇರೆ ಬೇರೆ ವಿಭಾಗಗಳಿಗೆ ಕಳಿಸುತ್ತಿದ್ದಾರೆ, ತಿಂಗಳಿಗೊಂದು ಭಾಷಣ. ವಿಷಯವನ್ನು ಸಾಹೇಬರೇ ಆರಿಸಿಕೊಟ್ಟಿದ್ದಾರೆ: ಬಳಸುವವರ ಪ್ರಾಮಾಣಿಕ ಅಭಿಪ್ರಾಯ ಪಡೆಯುವುದು ಹೇಗೆ. ಭಾಷಣ ಮುಗಿದ ಮೇಲೆ ಕೇಳಿದವರಿಗೆಲ್ಲ ಒಂದೊಂದು ಚೀಟಿ ಹಂಚುವುದು ನಿಯಮ. ಅಷ್ಟು ಹೊತ್ತಿಗೆ ಅವರೆಲ್ಲ ಚಹಾಕ್ಕೆ ಎದ್ದಿರುತ್ತಾರೆ. ಅರ್ಧ ಗಂಟೆ ಬಿಟ್ಟು ಆ ವಿಭಾಗದ ಫೋರ್‌ಮನ್ನು ಎಲ್ಲ ಚೀಟಿಗಳನ್ನೂ ಒಟ್ಟು ಮಾಡಿ ತಂದುಕೊಡುತ್ತಾರೆ. ನಲವತ್ತಕ್ಕೆ ನಲವತ್ತೂ "ಭಾಷಣ ತುಂಬಾ ಚೆನ್ನಾಗಿತ್ತು" ಎಂದಿರುತ್ತವೆ, ಎಲ್ಲವೂ ಒಂದೇ ಕೈಬರಹ. ನಾನು ಎಣಿಸಿ, ಸಂಖ್ಯೆ ಬರೆದು, ಸಹಿ ಮಾಡಿ ಫೈಲಿಗೆ ಹಾಕುತ್ತೇನೆ.